ಅಳಿಯನ ಕೈ

ಬೆಳಿಗ್ಗೆ ಆಪರೇಷನ್ ಕೋಣೆಯೊಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದೇ ಮೇಜಿನ ಮೇಲಿನ ಆ ತಪಾಸಣೆ ಹಾಳೆ. ಇವತ್ತು ಕೊಯ್ಯಬೇಕಾದ ಹೆಂಗಸು ಇನ್ನೂ ಹೆರಿಗೆ ವಾರ್ಡಿನಲ್ಲಿ ನರಳುತ್ತ ಮಲಗಿದ್ದಾಳೆ, ಇಲ್ಲಿ ಹಾಳೆಯ ಮೇಲೆ ಅವಳ ಆಪರೇಷನ್ ಮುಗಿದೇ ಹೋಗಿದೆ. ರೋಗಿಯ ಹೆಸರು ಕೇಳಿದ್ದಾಯಿತೇ? ಸರಿ. ಕೊಯ್ಯುವ ಮುಂಚೆ ಎಲ್ಲರೂ ಒಂದು ಗಳಿಗೆ ನಿಂತದ್ದಾಯಿತೇ? ಸರಿ. ಹೊಟ್ಟೆ ಹೊಲಿಯುವ ಮುಂಚೆ ರಕ್ತ ಒರೆಸುವ ಬಟ್ಟೆಪಟ್ಟಿಗಳನ್ನು ಎಣಿಸಿದ್ದಾಯಿತೇ? ಅದೂ ಸರಿ. ಸಾಲಾಗಿ ನೀಲಿ ಶಾಯಿಯ ಗುರುತು, ಒಂದೂ ಚೌಕ ಖಾಲಿಯಿಲ್ಲ. ಆ ಕೋಣೆಯ ಹಿರಿಯ ನರ್ಸು ಸಿಸ್ಟರ್ ಪರ್ಪೆಟುವಾ ನಬಕೂಜಾ ಹಾಳೆ ಕೈಯಲ್ಲಿ ಹಿಡಿದು ನಿಂತಳು. ನಗಬೇಕೋ ಹರಿದು ಬಿಸಾಕಬೇಕೋ ತಿಳಿಯಲಿಲ್ಲ. ಮೂಲೆಯಲ್ಲಿ ಅರಿವಳಿಕೆಯ ಸಿಲಿಂಡರಿಗೆ ಒರಗಿ ಚಹಾ ಕುಡಿಯುತ್ತಿದ್ದ ಒಪೊಲೊಟ್, ಮದ್ದು ಕೊಡುವವನು, ಅವಳ ಮುಖ ನೋಡಿ ಹಲ್ಲು ಕಿರಿದ. 'ಗುರುತೆಲ್ಲ ನಿನ್ನೆನೇ ಹಾಕಿಟ್ಟೆ ಸಿಸ್ಟರ್. ಟೈಮ್ ಉಳಿಯುತ್ತೆ.' 'ಉಳಿದ ಟೈಮಲ್ಲಿ ಏನು ಮಾಡ್ತೀಯ?' ಅಂದಳು. 'ಇದೇ, ಚಹಾ ಕುಡೀತೀನಿ.' ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಬೇಜಾರಿನ ಕೆಲಸವಾಗಿತ್ತು. ಕಸೆಂಜಿ ಗುಡ್ಡದ ಈ ಮಿಷನ್ ಆಸ್ಪತ್ರೆಯಲ್ಲಿ ಅವಳು ಹೇಳದ ಮಾತಿಲ್ಲ, ಹೇಳಿಸಿಕೊಳ್ಳದ ಜನರಿಲ್ಲ. ಕೈ ತೊಳೆಯುವ ಔಷಧಿಯ ಬಾಟಲಿಗಳನ್ನು ಪ್ರತಿ ಹಾಸಿಗೆಯ ಪಕ್ಕ ಇಡಿಸಿದರೆ, ಬೇಗ ಖಾಲಿಯಾಗುತ್ತದೆಂದು ಸ್ಟೋರಿನವನು ವಾಪಸು ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಬೀಗದ ಕೈ ಅವನ ಕುತ್ತಿಗೆಯಲ್ಲಿ, ಶಿಲುಬೆಯ ಜೊತೆಗೆ. ಒಂದೂ ಬಾಟಲಿ ಕಳೆದಿಲ್ಲ ಎಂದು ಅವನಿಗೆ ಹೆಮ್ಮೆ ಬೇರೆ.

ಆ ಹಾಳೆಯನ್ನು ಮಡಚಿ ಜೇಬಿಗೆ ತುರುಕಿಕೊಂಡು ಹೊಸದೊಂದನ್ನು ತೆಗೆದಿಟ್ಟಳು. ರಾಜಧಾನಿ ಕಂಪಾಲಾದ ಹೋಟೆಲಿನಲ್ಲಿ ಈ ಹಾಳೆಯ ಬಗ್ಗೆ ಇಡೀ ವಾರ ಪಾಠ ನಡೆದಿತ್ತು. ಮೊನಚು ಬೂಟಿನ ಒಬ್ಬ ಹುಡುಗ, ಗಡ್ಡ ಕೂಡ ನೆಟ್ಟಗೆ ಬಂದಿರಲಿಲ್ಲ, ತಲೆ ನರೆತ ನರ್ಸುಗಳನ್ನೆಲ್ಲ ವೃತ್ತದಲ್ಲಿ ನಿಲ್ಲಿಸಿ 'ನಿಲ್ಲಿಸಿ!' ಎಂದು ಕೂಗಿಸಿದ್ದ. ಇನ್ನೂ ಜೋರಾಗಿ ಅಮ್ಮಂದಿರಾ, ಡಾಕ್ಟರಿಗೆ ಕೇಳಿಸಲಿ! ರೋಗಿಯ ಪ್ರಾಣ ಮೊದಲು, ದೊಡ್ಡವರು ಚಿಕ್ಕವರು ಆಮೇಲೆ. ತಪ್ಪು ಕಂಡವರು ಯಾರೇ ಇರಲಿ, ಗುಡಿಸುವವಳೇ ಇರಲಿ, ಬಾಯಿ ಬಿಡಬೇಕು. ಅದೊಂದು ಅಭ್ಯಾಸವಾದರೆ ಸಾಕು, ಅರ್ಧ ಸಾವುಗಳು ನಿಲ್ಲುತ್ತವೆ. ಅವನು ಹೇಳಿದ್ದೆಲ್ಲ ನಿಜವೇ. ಅವಳು ಮೂವತ್ತು ವರ್ಷದಿಂದ ಅದನ್ನೇ ಬೊಬ್ಬೆ ಹೊಡೆಯುತ್ತಿದ್ದಳು, ಮೊನಚು ಬೂಟಿಲ್ಲದೆ. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಅವಳು ಕೈ ಎತ್ತಿ ಕೇಳಿದ್ದಳು: 'ಡಾಕ್ಟರು ನಮ್ಮ ಅಳಿಯನಾದ್ರೆ?' ಇಡೀ ಸಭೆ ಗೊಳ್ಳೆಂದು ನಕ್ಕಿತ್ತು. ಅವಳದೇ ಜನವಾದ ಬಗಾಂಡಾ ಹೆಂಗಸರು ಮೊದಲು ನಕ್ಕು, ಆಮೇಲೆ ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಬಾಯಿ ಮುಚ್ಚಿಕೊಂಡರು. ಆ ಹುಡುಗ ಹಲಗೆಯ ಕೆಳತುದಿಯಲ್ಲಿ 'ಇತರ ತೊಂದರೆಗಳು' ಎಂದು ಬರೆದು ಅದರಡಿ ಒಂದು ಗೆರೆ ಎಳೆದ. ಅಷ್ಟೇ. ಆಮೇಲೆ ಸಮೋಸ ಬಂತು.

ಅಳಿಯನಾಗುವುದಕ್ಕೆ ಮುಂಚೆ ಡಾಕ್ಟರ್ ಕಲ್ಯಾಂಗೊ ಬರೀ ಒಬ್ಬ ಸೊಕ್ಕಿನ ಹುಡುಗನಾಗಿದ್ದ. ಹೊಸದಾಗಿ ಬಂದಾಗ ವಾರ್ಡಿನಿಂದ ನೇರ ಫೋನಿನಲ್ಲಿ ಮಾತಾಡುತ್ತ ಆಪರೇಷನ್ ಕೋಣೆಗೆ ನುಗ್ಗುತ್ತಿದ್ದ. ಒಂದು ದಿನ ಅವಳು ಬಾಗಿಲಿಗೆ ಅಡ್ಡ ಕಾಲು ಹಾಕಿ ನಿಂತು, 'ಏ ಹುಡುಗಾ, ಆ ಕೈ ಇಷ್ಟೊತ್ತು ಎಲ್ಲಿತ್ತು?' ಎಂದು ಕೇಳಿದ್ದಳು. ನಾನು ಡಾಕ್ಟರು ಎಂದ. ಡಾಕ್ಟರಾದರೆ ಕೈಗೆ ಹೊಲಸು ಅಂಟೋದಿಲ್ವಾ, ಹೋಗು, ಮೊಣಕೈವರೆಗೂ ತಿಕ್ಕಿಕೊಂಡು ಬಾ ಎಂದಳು. ಮೇಲಿನವರಿಗೆ ದೂರು ಕೊಟ್ಟ, ಮುಖ ಊದಿಸಿಕೊಂಡ, ತಿಂಗಳುಗಟ್ಟಲೆ ಅವಳನ್ನು ಕಂಡರೆ ಗುರ್ ಅನ್ನುತ್ತಿದ್ದ. ಆದರೆ ತೊಳೆಯುತ್ತಿದ್ದ. ಯಾವಾಗ ಬದಲಾದನೋ ಅವಳಿಗೂ ತಿಳಿಯಲಿಲ್ಲ. ಒಂದು ದಿನ ಅವಳು ಎಣಿಕೆ ಹೇಳಲು ತಡ ಮಾಡಿದಾಗ ಅವನೇ ಸೂಜಿ ಹಿಡಿದು ಕಾದು ನಿಂತು, 'ಎಣಿಸಿದ್ರಾ ಸಿಸ್ಟರ್? ನೀವು ಹೇಳದೆ ನಾನು ಹೊಲಿಯಲ್ಲ' ಅಂದ. ಆ ದಿನ ಮನೆಗೆ ಹೋಗಿ ಒಬ್ಬಳೇ ಕೂತು ನಕ್ಕಿದ್ದಳು. ಇಡೀ ಜನ್ಮದಲ್ಲಿ ಒಬ್ಬನನ್ನಾದರೂ ತಿದ್ದಿದೆನಲ್ಲ. ಆಮೇಲೆ ಅವನು ಮನೆಗೆ ಊಟಕ್ಕೆ ಬರತೊಡಗಿದ. ಕಡಲೆಕಾಯಿ ಸಾರು ಬಡಿಸುತ್ತ ಅವಳು ಆಪರೇಷನ್ನುಗಳ ಕಥೆ ಹೇಳುವುದು, ಅವನು ತಲೆಯಾಡಿಸುವುದು. ತನ್ನ ಮಾತು ಕೇಳಲು ಬರುತ್ತಾನೆ ಎಂದೇ ಈ ಪೆದ್ದಿ ತಿಳಿದಿದ್ದಳು. ಅವನ ಕಣ್ಣು ಅವಳ ಮಗಳು ಗೊರೆಟ್ಟಿಯ ಮೇಲಿತ್ತು. ಮಗಳನ್ನು ಕೇಳಲು ನೆಂಟರ ದಂಡು ಕಟ್ಟಿಕೊಂಡು, ಬುಟ್ಟಿ ಬುಟ್ಟಿ ಕಾಣಿಕೆ ಹೊತ್ತು ಬಂದ ದಿನ ಅವಳು ಚಾಪೆಯ ಮೇಲೆ ಮುಖ ಓರೆ ಮಾಡಿ ಕೂತಿದ್ದಳು. ಅಂಗಳದಲ್ಲಿ ಅವನು ಮಂಡಿಯೂರಿದ. ಅವತ್ತಿಗೆ ಮುಗಿಯಿತು. ಅಂದಿನಿಂದ, ಅವರ ಜನರ ಕಟ್ಟಳೆಯಂತೆ, ಅವಳು ಅತ್ತೆ, ಅವನು ಅಳಿಯ. ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿಲ್ಲ, ಒಂದೇ ಬೆಂಚಿನಲ್ಲಿ ಕೂರುವಂತಿಲ್ಲ, ಕೈ ಕೈ ತಾಕುವಂತಿಲ್ಲ. ಅವಳ ಅಜ್ಜಿ ಅಳಿಯ ಬಂದರೆ ಬಾಳೆತೋಟಕ್ಕೆ ಇಳಿದು ಅಲ್ಲಿಂದಲೇ ಕ್ಷೇಮ ಕೇಳುತ್ತಿದ್ದಳು. ಆಪರೇಷನ್ ಕೋಣೆಯಲ್ಲಿ ಬಾಳೆತೋಟ ಎಲ್ಲಿಂದ ತರುವುದು?

ದೊಡ್ಡ ಡಾಕ್ಟರ್ ಮುಬಿರು ಅವರ ಹತ್ತಿರ ಹೋಗಿ ಡ್ಯೂಟಿ ಬೇರೆ ಬೇರೆ ಮಾಡಿಕೊಡಿ ಎಂದು ಕೇಳಿದ್ದಳು. ಅವರು ಕನ್ನಡಕ ಒರೆಸುತ್ತ, 'ನೀವಿಬ್ಬರೂ ಓದಿದವರು ನ್ಯಾಬೋ, ಇದೆಲ್ಲ ಹಳ್ಳಿಯವರಿಗೆ' ಎಂದು, ಅಮ್ಮಾ ಎಂದು ಕರೆಯುವ ಮರ್ಯಾದೆಯಿಂದಲೇ ಅಂದರು. ಅವರ ಅತ್ತೆ ಆಸ್ಪತ್ರೆಗೆ ಬಂದಾಗ ಅವರೇ ಹಿಂಬಾಗಿಲಿನಿಂದ ಓಡಿದ್ದನ್ನು ಇಡೀ ಕಸೆಂಜಿ ನೋಡಿತ್ತು. ಹಾಗಾಗಿ ಡ್ಯೂಟಿಯ ಹಾಳೆಯನ್ನು ಅವಳೇ ಹೇಗೋ ತಿರುಚಿ ನಡೆಸುತ್ತಿದ್ದಳು: ಅವನ ಆಪರೇಷನ್ನಿಗೆ ಇನ್ನೊಬ್ಬ ನರ್ಸು ನಿಲ್ಲುವುದು, ಅವಳು ಹೊರಗಿನ ಕೆಲಸ ನೋಡುವುದು. ವಿಧಿಯಿಲ್ಲದೆ ಅವಳೇ ನಿಲ್ಲಬೇಕಾದ ದಿನಗಳಲ್ಲಿ ಇಬ್ಬರ ನಡುವೆ ಒಂದು ಸ್ಟೀಲ್ ತಟ್ಟೆ ಇರುತ್ತಿತ್ತು. ಅವಳು ಚಾಕುವನ್ನು ತಟ್ಟೆಯಲ್ಲಿಡಬೇಕು, ಅವನು ತಟ್ಟೆಯಿಂದ ಎತ್ತಿಕೊಳ್ಳಬೇಕು. ಕಂಪಾಲಾದಿಂದ ತಪಾಸಣೆಗೆ ಬಂದವರು ಈ ತಟ್ಟೆ ನೋಡಿ ಕುಣಿದಾಡಿದ್ದರು. ಕೈಯಿಂದ ಕೈಗೆ ಹರಿತವಾದದ್ದನ್ನು ಕೊಡದಿರುವುದು, ಎಂಥ ಸುರಕ್ಷಿತ ಅಭ್ಯಾಸ, ಇಡೀ ಜಿಲ್ಲೆಗೇ ಮಾದರಿ ಎಂದು ಫೋಟೋ ಹಿಡಿದುಕೊಂಡು ಹೋದರು. ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕಲಿಸಿದ್ದನ್ನು ಒಬ್ಬನೂ ಕಲಿಯಲಿಲ್ಲ, ನಾಚಿಕೆಗೆ ಇಟ್ಟ ತಟ್ಟೆಗೆ ಬಹುಮಾನ.

ಈ ದಿನವೂ ಅದೇ ವಿಧಿಯಿಲ್ಲದ ದಿನ. ಇನ್ನೊಬ್ಬ ನರ್ಸು ಯಾರದೋ ಮಣ್ಣಿಗೆಂದು ಊರಿಗೆ ಹೋಗಿದ್ದಳು. ಮೊಣಕೈವರೆಗೆ ತಿಕ್ಕಿಕೊಂಡು ಗೌನು ತೊಟ್ಟು ಅವಳು ಬಂದು ನಿಂತಾಗ ಕಲ್ಯಾಂಗೊ ಆಗಲೇ ಮೇಜಿನ ಆಚೆ ಬದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವಳು ಗೋಡೆಯ ಕಡೆ ಓರೆಯಾಗಿ ತಿರುಗಿದಳು. ಇಬ್ಬರ ನಡುವಿನ ಮಾತಿಗೆ, ಬೇಕಾದ್ದನ್ನು ತಂದುಕೊಡುವ ಓಡಾಟದ ನರ್ಸು ಅಕೆಲ್ಲೊ ಇದ್ದಳು. ಅವಳು ಉತ್ತರದ ಲಾಂಗೊ ಕಡೆಯವಳು, ಅವರ ಕಡೆ ಇಷ್ಟೆಲ್ಲ ಇಲ್ಲವಂತೆ. ಇವರಿಬ್ಬರನ್ನು ನೋಡಿದರೆ ಅವಳಿಗೆ ನಗು. 'ರೋಗಿಯ ಹೆಸರು ನಾಮುಲೊಂಡೊ ಅಂತ ಕೇಳಿ ಖಾತ್ರಿ ಮಾಡ್ಕೊಂಡೆವು ಅಂತ ಹೇಳು,' ಎಂದಳು ಪರ್ಪೆಟುವಾ ಗೋಡೆಗೆ. 'ಡಾಕ್ಟ್ರೇ, ರೋಗಿಯ ಹೆಸರು ನಾಮುಲೊಂಡೊ ಅಂತೆ,' ಎಂದಳು ಅಕೆಲ್ಲೊ. 'ಕೇಳಿಸ್ತು ಅಂತ ಹೇಳು,' ಎಂದ ಅವನು ನೆಲಕ್ಕೆ. 'ಕೇಳಿಸ್ತಂತೆ ಸಿಸ್ಟರ್,' ಎಂದಳು ಅಕೆಲ್ಲೊ. ಒಪೊಲೊಟ್, 'ನಿಮ್ಮ ರೇಡಿಯೋಗೆ ಬ್ಯಾಟರಿ ಯಾರು ಹಾಕ್ತಾರೆ?' ಅಂದ. 

ಮಗು ಸಲೀಸಾಗಿ ಬಂತು, ಅತ್ತಿತು, ಹೆಣ್ಣು. ಆಮೇಲೆ ಇದ್ದಕ್ಕಿದ್ದಂತೆ ರಕ್ತ ಉಕ್ಕಿತು. ಅವನ ಕೈ ಚುರುಕಾಯಿತು. ತಟ್ಟೆಯಿಂದ ಬಟ್ಟೆಪಟ್ಟಿಗಳನ್ನು ಒಂದರ ಹಿಂದೊಂದು ಎತ್ತಿ ಒಳಗೆ ಒತ್ತುತ್ತಿದ್ದ, ಅವಳು ತಟ್ಟೆ ತುಂಬುತ್ತಿದ್ದಳು. ಒಳ್ಳೆಯ ಕೈ. ಅವಸರದಲ್ಲೂ ಒರಟಾಗದ ಕೈ. ಓರೆಗಣ್ಣಿನಲ್ಲೇ ಅದನ್ನು ನೋಡುತ್ತ, ಇದನ್ನು ತಿದ್ದಿದವಳು ನಾನು ಎಂಬ ಹಳೆಯ ಗರ್ವ ಅವಳಲ್ಲಿ ಮೆಲ್ಲಗೆ ತಲೆಯೆತ್ತಿತು. ರಕ್ತ ನಿಂತಿತು. ಗರ್ಭಕೋಶ ಹೊಲಿದದ್ದಾಯಿತು. ಒದ್ದೆ ಬಟ್ಟೆಗಳನ್ನು ಅಕೆಲ್ಲೊ ನೆಲದ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಹರಡಿದಳು. ಪರ್ಪೆಟುವಾ ಎಣಿಸಿದಳು. ಒಂದು ಕಡಿಮೆ. ಮತ್ತೆ ಎಣಿಸಿದಳು. ಒಂದು ಕಡಿಮೆಯೇ. ಅಷ್ಟರಲ್ಲಿ ಅವನು ಹೊಟ್ಟೆಯ ಗೋಡೆ ಹೊಲಿಯಲು ಸೂಜಿ ಎತ್ತಿಕೊಂಡಾಗಿತ್ತು. ನೀವು ಹೇಳದೆ ನಾನು ಹೊಲಿಯಲ್ಲ ಎಂದವನು ಈಗ ಅವಳು ಹೇಳುವುದನ್ನು ಕಾಯುತ್ತಿರಲಿಲ್ಲ. ಕಾಯಬೇಕಾದರೆ ಅವಳ ಕಡೆ ನೋಡಬೇಕಿತ್ತು.

'ಒಂದು ಕಡಿಮೆ ಅಂತ ಹೇಳು,' ಎಂದಳು. ಅಕೆಲ್ಲೊ ಹೇಳಿದಳು. 'ಬಕೆಟ್ ನೋಡೋಕೆ ಹೇಳು,' ಎಂದ. ಅಕೆಲ್ಲೊ ಬಕೆಟ್ ನೋಡಿದಳು, ಮೇಜಿನ ಕೆಳಗೆ ಬಗ್ಗಿದಳು, ಮಗುವನ್ನು ಸುತ್ತಿದ ಬಟ್ಟೆಯನ್ನೂ ಬಿಚ್ಚಿ ನೋಡಿದಳು. ಇಲ್ಲ. 'ಇಲ್ಲ ಅಂತ ಹೇಳು,' ಎಂದಳು ಪರ್ಪೆಟುವಾ. 'ಇಲ್ಲ ಡಾಕ್ಟ್ರೇ.' 'ಶುರುವಿನಲ್ಲೇ ಎಣಿಕೆ ತಪ್ಪಿರಬಹುದು ಅಂತ ಹೇಳು. ಒಳಗೆ ನಾನು ನೋಡಿದ್ದೀನಿ. ಏನೂ ಇಲ್ಲ.' ಅವನ ದನಿಯಲ್ಲಿ ಅಸಡ್ಡೆಯಿರಲಿಲ್ಲ, ಅದೇ ಅವಳನ್ನು ಕೆರಳಿಸಿದ್ದು. ಅದರಲ್ಲಿ ಇದ್ದದ್ದು ಮರ್ಯಾದೆ. ಅತ್ತೆಯ ಮಾತಿಗೆ ಎದುರಾಡದೆ, ಹೇಗಾದರೂ ಬೇಗ ಮುಗಿಸಿ ಆಕೆಯ ಕಣ್ಣಿಂದ ಮರೆಯಾಗಬೇಕೆಂಬ ಒಳ್ಳೆಯ ಮನೆತನದ ಹುಡುಗನ ಮರ್ಯಾದೆ. ಹಳೆಯ ಸೊಕ್ಕಿನ ಹುಡುಗನಾಗಿದ್ದರೆ ಜಗಳವಾಡುತ್ತಿದ್ದ, ನಾನು ಎಣಿಸ್ತೀನಿ ಬನ್ನಿ ಎಂದು ಕೂಗಾಡುತ್ತಿದ್ದ, ಆ ಕೂಗಾಟದಲ್ಲಿ ಬಟ್ಟೆ ಸಿಗುತ್ತಿತ್ತು. ಸೂಜಿ ಒಂದು ಸಲ ಒಳಹೊಕ್ಕು ಹೊರಬಂತು. ನಿಲ್ಲಿಸಿ ಅನ್ನು. ಹೋಟೆಲಿನಲ್ಲಿ ಎಷ್ಟು ಜೋರಾಗಿ ಅಂದಿದ್ದೆ, ಅನ್ನು. ಅವಳ ಬಾಯಿ ಮುಖಗವುಸಿನೊಳಗೆ ತೆರೆದುಕೊಂಡಿತು, ಮಾತು ಬರಲಿಲ್ಲ. ಸೂಜಿ ಇನ್ನೊಂದು ಸಲ ಹೊಕ್ಕಿತು. ನಾಮುಲೊಂಡೊ ಪರದೆಯ ಆಚೆಯಿಂದ ಅಮಲಿನಲ್ಲಿ, 'ಅಮ್ಮ, ಮಗೂಗೆ ಬೆರಳೆಲ್ಲ ನೆಟ್ಟಗಿದೆಯಾ?' ಎಂದು ಯಾರನ್ನೋ ಕೇಳಿದಳು. ಇವಳ ಹೊಟ್ಟೆಯೊಳಗೆ ಒಂದು ಕೊಳೆಯುವ ಬಟ್ಟೆ ಇಟ್ಟು ಕಳಿಸುತ್ತಿದ್ದೇನೆ, ಜ್ವರ ಬಂದು ಕೀವಾಗಿ ಸಾಯುವಾಗಲೂ ಇವಳಿಗೆ ಯಾಕೆಂದು ತಿಳಿಯುವುದಿಲ್ಲ, ನನ್ನ ಮಗಳ ಗಂಡನ ಮುಖ ನೋಡಲು ನನಗೆ ನಾಚಿಕೆಯಾದ್ದರಿಂದ ಎಂದು ಯಾರೂ ಇವಳಿಗೆ ಹೇಳುವುದಿಲ್ಲ. ಎರಡು ಹೊಲಿಗೆ ಹಾಕಲು ಬಿಟ್ಟೆನಲ್ಲ. ಥೂ ನನ್ನ. ಮೂರನೆಯದಕ್ಕೆ ಸೂಜಿ ಬಗ್ಗಿದಾಗ ಅವಳ ಕೈ ತಟ್ಟೆಯನ್ನು ದಾಟಿ ಹೋಗಿ ಅವನ ಕೈಯನ್ನು ಹಿಡಿದುಬಿಟ್ಟಿತು.

'ನಿಲ್ಸಿ,' ಎಂದಳು. 'ಒಂದು ಒಳಗಿದೆ.'

ಅವನು ಕೈ ಎಳೆದುಕೊಳ್ಳಲಿಲ್ಲ. ಕಲ್ಲಾದ.  ಎರಡು ಗ್ಲೌಸುಗಳ ಮೂಲಕವೂ ಅವನ ಬೆರಳಿನ ಗಂಟು ಅವಳ ಅಂಗೈಗೆ ತಿಳಿಯುತ್ತಿತ್ತು. ಅವಳೇ ಬಿಟ್ಟಳು. ಅವನು ಹಾಕಿದ್ದ ಹೊಲಿಗೆ ಕತ್ತರಿಸಿ, ಕೈ ಒಳಗಿಳಿಸಿ, ಹಿಂದೆ ಆಳದಲ್ಲಿ ತಡಕಾಡಿ, ಮುದ್ದೆಯಾದ ಕೆಂಪು ಬಟ್ಟೆಯನ್ನು ಹೊರಗೆಳೆದ. ತಟ್ಟೆಯಲ್ಲಿಟ್ಟ. ಅದರ ಅಂಚಿನಿಂದ ರಕ್ತ ನಿಧಾನಕ್ಕೆ ತಟ್ಟೆಯಲ್ಲಿ ಹರಡಿತು. ಹೊಲಿಗೆ ಮುಗಿಸಿ ಗೌನು ಕಳಚಿ ಎಸೆದು ಯಾರ ಮುಖವನ್ನೂ ನೋಡದೆ ಹೊರಟುಹೋದ.

ಊಟದ ಹೊತ್ತಿಗೆ ಸುದ್ದಿ ಅಡುಗೆಮನೆ, ಬಟ್ಟೆ ಒಗೆಯುವ ಕಟ್ಟೆ, ಕ್ಷಯದ ವಾರ್ಡು ಎಲ್ಲ ಸುತ್ತಿ ಬಂದಿತ್ತು. ಒಂದು ಜೀವ ಉಳಿಯಿತು ಎಂದಲ್ಲ. ಎಣಿಸಿದ್ದರಿಂದ ಬಟ್ಟೆ ಸಿಕ್ಕಿತು, ನಾಳೆಯಿಂದ ನಾವೂ ಎಣಿಸೋಣ ಎಂದಂತೂ ಅಲ್ಲವೇ ಅಲ್ಲ. ಅತ್ತೆ ಅಳಿಯನ ಕೈ ಹಿಡಿದಳು! ಒಗೆಯುವ ಹೆಂಗಸರು ಅವಳು ಹಾದುಹೋಗುವಾಗ ಎದ್ದು ನಿಂತು, ಹಾದುಹೋದ ಮೇಲೆ ಶುರು ಹಚ್ಚಿಕೊಂಡರು. 'ಗ್ಲೌಸ್ ಇತ್ತಲ್ಲೇ, ಗ್ಲೌಸ್ ಹಾಕ್ಕೊಂಡ್ರೆ ಮುಟ್ಟಿದ ಹಾಗಲ್ಲ.' 'ಯಾರು ಹೇಳಿದ್ದು? ಹಾಗಾದ್ರೆ ನೀನೂ ಗ್ಲೌಸ್ ಹಾಕ್ಕೊಂಡು ನಿನ್ನ ಅಳಿಯನ್ನ ತಬ್ಬಿಕೋ ಹೋಗು.' 'ಅಯ್ಯೋ ಬಾಯಿ ಮುಚ್ಚೇ!' 'ಮುಟ್ಟಿದ್ರೆ ಕೈಕಾಲು ನಡುಕ ಬರುತ್ತೆ ಅಲ್ವಾ, ಯಾರಿಗೆ ಬರುತ್ತೆ, ಮುಟ್ಟಿದೋರಿಗೋ ಮುಟ್ಟಿಸಿಕೊಂಡೋರಿಗೋ?' 'ನಮ್ಮ ಸೋದರತ್ತೆ ಕಡೆ ಒಬ್ಬನಿಗೆ ಬಂದಿತ್ತು, ಚಹಾ ಲೋಟ ತುಟಿಗೆ ಮುಟ್ಟಿಸೋಕೂ ಆಗ್ತಿರಲಿಲ್ಲ.' 'ಡಾಕ್ಟ್ರಿಗೆ ಬಂದ್ರೆ ದೇವರೇ ಗತಿ.' ಪರ್ಪೆಟುವಾ ನಿಂತು ತಿರುಗಿ, 'ಆ ಬಟ್ಟೆ ಬಗ್ಗೆ ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?' ಎಂದು ಕೂಗಿದಳು. ಎಲ್ಲರೂ ಬಟ್ಟೆ ಕುಕ್ಕತೊಡಗಿದರು. ಮುಬಿರು ಕರೆಸಿ ಕೂರಿಸಿ, ನೀವು ಮಾಡಿದ್ದು ಸರಿಯೇ ನ್ಯಾಬೋ, ನಿಯಮವೂ ಅದೇ ಎಂದು ಮುನ್ನುಡಿ ಹಾಡಿ, 'ಆದ್ರೆ ಹಿಡೀಲೇಬೇಕಿತ್ತಾ? ಬಾಯಲ್ಲಿ ಹೇಳಬಹುದಿತ್ತಲ್ಲ,' ಅಂದರು. 'ಬಾಯಲ್ಲಿ ಹೇಳೋದೂ ತಪ್ಪೇ ಅಲ್ವಾ ಸಾರ್?' 'ಸ್ವಲ್ಪ ಕಡಿಮೆ ತಪ್ಪು.' ಅವಳು ಅವರ ಕನ್ನಡಕವನ್ನೇ ನೋಡುತ್ತ ಕೂತಳು. ಇವರು ಓದಿದವರು.

ಆಪರೇಷನ್ ಕೋಣೆಯ ಹಿಂದೆ ಹಲಸಿನ ಮರದಡಿ ಗೊರೆಟ್ಟಿ ಕಾದಿದ್ದಳು. ಹತ್ತಿರದ ಶಾಲೆಯಲ್ಲಿ ಟೀಚರು, ಬಸುರಿ. ಪಾಠ ಅರ್ಧಕ್ಕೆ ಬಿಟ್ಟು ಬಂದಿದ್ದಳು, ಬೆರಳಲ್ಲಿ ಸೀಮೆಸುಣ್ಣ ಹಾಗೇ ಇತ್ತು. 'ಎಂಥ ಕೆಲಸ ಮಾಡ್ಬಿಟ್ಟೆ ಅಮ್ಮಾ,' ಎಂದಳು. ಕೋಪವಿರಲಿಲ್ಲ, ಅತ್ತು ಸುಸ್ತಾದ ದನಿ. ಆ ದನಿ ಕೇಳಲಾರದೆಯೇ ಪರ್ಪೆಟುವಾ ರೇಗಿದಳು. 'ಏನು ಮಾಡ್ದೆ? ಒಂದು ಹೆಂಗಸನ್ನ ಕೊಲ್ಲೋದು ತಪ್ಪಿಸಿದೆ. ನಿನ್ನ ಗಂಡ ಕೊಲೆಗಾರ ಆಗೋದೂ ತಪ್ಪಿಸಿದೆ. ಯಾರೂ ಹೇಳಲಿಲ್ವಾ ನಿಂಗೆ ಅದನ್ನ?' 'ಹೇಳಿದ್ರು. ಅವರೇ ಹೇಳಿದ್ರು. ಅಮ್ಮ ಮಾಡಿದ್ದು ಸರಿ ಅಂದ್ರು.' 'ಮತ್ತೆ?' 'ಕಾರಲ್ಲಿ ಕೂತಿದ್ದಾರೆ. ಊಟ ಬೇಡವಂತೆ. ಸ್ಟೀರಿಂಗ್ ಮೇಲೆ ಕೈ ಚಾಚಿಟ್ಟುಕೊಂಡು ನೋಡ್ತಾನೇ ಇದ್ದಾರೆ. ಗೊರೆಟ್ಟಿ, ನಡುಗ್ತಾ ಇದೆಯಾ ನೋಡು ಅಂತ ನನ್ನ ಕೇಳ್ತಾರೆ. ಇಲ್ಲ ಅಂದೆ. ಸರಿಯಾಗಿ ನೋಡು ಅಂತಾರೆ.' 'ನಡುಗ್ತಿದೆಯಾ?' ಗೊರೆಟ್ಟಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. 'ಅಷ್ಟು ಹೊತ್ತು ನೋಡಿದ್ರೆ ಯಾರ ಕೈಯಾದ್ರೂ ನಡುಗುತ್ತಮ್ಮ.' ಒಂದು ನೊಣ ಮಗಳು ತಂದಿದ್ದ ಬುತ್ತಿಯ ಸುತ್ತ ಸುತ್ತುತ್ತಿತ್ತು. ಬಾಳೆಲೆ ಬಿಚ್ಚಿದ್ದರೂ ಇಬ್ಬರಲ್ಲಿ ಯಾರೂ ಕೈ ಹಾಕಲಿಲ್ಲ. ಆಮೇಲೆ ಮಗಳು ಬಂದ ಕೆಲಸ ಹೇಳಿದಳು: 'ಮಧ್ಯಾಹ್ನ ಇನ್ನೊಂದು ಆಪರೇಷನ್ ಇದೆಯಂತಲ್ಲ. ನೀನು ನಿಲ್ಲಲೇಬೇಕಂತಲ್ಲ. ಕೈ ಬಗ್ಗೆ ಮಾತ್ರ ಏನೂ ಹೇಳಬೇಡ ಅಮ್ಮ. ನಡುಗಿದ್ರೂ. ನೀನು ಬಾಯಿ ಬಿಟ್ರೆ ಅವರು ಆಮೇಲೆ ಚಾಕು ಹಿಡಿಯೋದೇ ಇಲ್ಲ. ನಿನ್ನ ಮಾತು ಅವರಿಗೆ ವೇದವಾಕ್ಯ, ನಿಂಗೊತ್ತಿಲ್ಲ. ನೀನೇನೂ ಹೇಳದಿದ್ರೆ ನಾಲ್ಕು ದಿನಕ್ಕೆ ಮರೆತುಹೋಗುತ್ತೆ.' ನಿನ್ನ ಮಾತು ಅವರಿಗೆ ವೇದವಾಕ್ಯ. ಅದನ್ನು ಈಗ ಹೇಳುತ್ತಾಳೆ ಹುಡುಗಿ. 'ಆಯ್ತು,' ಎಂದಳು ಪರ್ಪೆಟುವಾ. ಮಗಳ ಬೆರಳಿನ ಸೀಮೆಸುಣ್ಣವನ್ನು ತನ್ನ ಅಂಗಿಯ ತುದಿಯಿಂದ ಒರೆಸಿದಳು. 'ಆಯ್ತು, ಹೇಳಲ್ಲ. ತಿನ್ನು ಈಗ.'

ಮಧ್ಯಾಹ್ನದ ರೋಗಿ ಲುಟಾಲೊ ಎಂಬ ಮುದುಕ. ಸೈಕಲ್ಲಿನ ಮೇಲೆ ಬಾಳೆಗೊನೆ ಹೇರಿಕೊಂಡು ಗುಡ್ಡ ಹತ್ತಿ ಹತ್ತಿ ತೊಡೆಸಂದಿಯಲ್ಲಿ ಕರುಳು ಇಳಿದು ಸಿಕ್ಕಿಹಾಕಿಕೊಂಡಿತ್ತು. ನಾಳೆಗೆ ತಳ್ಳುವಂತಿರಲಿಲ್ಲ, ತಳ್ಳಿದರೆ ಕರುಳು ಕೊಳೆಯುತ್ತದೆ. ಮುಬಿರು ಚಾಕು ಹಿಡಿಯುವವರಲ್ಲ, ಕೊಯ್ಯಬಲ್ಲ ಇನ್ನೊಬ್ಬ ಡಾಕ್ಟರು ಕಂಪಾಲಾದಲ್ಲಿದ್ದ. ಒಪೊಲೊಟ್ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ. 'ಅಬ್ಬಾ, ನೋವು ಹೋಯ್ತು ಕಣಪ್ಪ! ಇಷ್ಟೇ ಆಗಿದ್ರೆ ಮನೆಗೆ ಹೋಗ್ಬಿಡ್ತೀನಿ,' ಎಂದ ಮುದುಕ. ಎದ್ದೇಳು ನೋಡೋಣ ಎಂದು ಒಪೊಲೊಟ್ ಅವನನ್ನು ಕಾಡಿಸಿದ. ಪರ್ಪೆಟುವಾ ಮೇಜಿನ ಈಚೆ ಗೋಡೆಗೆ ಓರೆಯಾಗಿ ನಿಂತು ಉಪಕರಣಗಳನ್ನು ಜೋಡಿಸುತ್ತ, ಹೇಳಲ್ಲ, ಹೇಳಲ್ಲ ಎಂದುಕೊಳ್ಳುತ್ತಿದ್ದಳು. ಒಂದು ದಿನಕ್ಕೆ ಒಂದು ಸಾಕು. ಎಷ್ಟು ಜನರ ಬಾಯಿ ನಾನೊಬ್ಬಳೇ ಆಗಲಿ? ಒಪೊಲೊಟ್‌ಗೆ ಕಣ್ಣಿಲ್ಲವೇ? ಅಕೆಲ್ಲೊಗೆ ಇಲ್ಲವೇ? ಅವರೂ ಪಾಠ ಕೇಳಿದವರೇ ತಾನೇ, ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆಯಲ್ಲ, ಯಾರು ಬೇಕಾದರೂ ನಿಲ್ಲಿಸಬಹುದು ಎಂದು. ಕಲ್ಯಾಂಗೊ ಬಂದ. ಬಹಳ ಹೊತ್ತು ಕೈ ತೊಳೆದಿದ್ದ, ನೀರಿನ ಸದ್ದು ಒಳಗಿನವರೆಗೂ ಕೇಳಿಸಿತ್ತು. ಚಾಕು ತಟ್ಟೆಗೆ ಇಟ್ಟಳು. ಅವನು ಎತ್ತಿಕೊಂಡ. ಸ್ಟೀಲಿಗೆ ಸ್ಟೀಲು ತಾಗಿ ಪುಟ್ಟ ಕಿಣಿಕಿಣಿ ಸದ್ದಾಯಿತು, ಒಂದಲ್ಲ, ಮೂರು ನಾಲ್ಕು ಸಲ.

ಅವಳು ನೋಡದಿರಲು ಪ್ರಯತ್ನಪಟ್ಟಳು. ಓರೆಗಣ್ಣಿಗೇ ಕಾಣುತ್ತಿತ್ತು: ಮುದುಕನ ತೊಡೆಸಂದಿಯ ಮೇಲೆ ದೀಪದ ಬೆಳಕಿನಲ್ಲಿ ಚಾಕುವಿನ ತುದಿ ಸಣ್ಣಗೆ, ಬಹಳ ಸಣ್ಣಗೆ ಅದುರುತ್ತಿತ್ತು. ಅಕೆಲ್ಲೊ ಚಾವಣಿ ನೋಡುತ್ತಿದ್ದಳು. ಒಪೊಲೊಟ್ ತನ್ನ ಗಡಿಯಾರ ನೋಡಿದ. ಎಲ್ಲರಿಗೂ ಕಂಡಿತ್ತು. ಬೆಳಿಗ್ಗೆ ಅಸಡ್ಡೆಯಿಂದ ಬಾಯಿ ಮುಚ್ಚಿದವರು ಈಗ ಕನಿಕರದಿಂದ ಮುಚ್ಚಿದ್ದರು. ಕೊಯ್ಯಿಸಿಕೊಳ್ಳುವವನಿಗೆ ಎರಡೂ ಒಂದೇ. ಇದು ಹೆದರಿಕೆ ಅಷ್ಟೆ, ಹಸಿದ ಹೊಟ್ಟೆ ಅಷ್ಟೆ, ಶುರು ಮಾಡಿದರೆ ನಿಲ್ಲುತ್ತದೆ ಎಂದು ಅವಳು ತನಗೇ ಹೇಳಿಕೊಂಡಳು. ನಿಲ್ಲದಿದ್ದರೆ? ಒಂದು ನೂಲಿನಷ್ಟು ಆಳಕ್ಕೆ ಹೋದರೆ ಅಲ್ಲಿ ಊದಿದ ಕರುಳಿದೆ. ಚಾಕು ಚರ್ಮಕ್ಕೆ ತಾಗುವ ಮುಂಚೆ ನಿಂತಿತು. ಅವನು ತಲೆಯೆತ್ತಿದ. ಮಾತಾಡಿದ್ದು ಅಕೆಲ್ಲೊಗೆ ಅಲ್ಲ, ನೆಲಕ್ಕೂ ಅಲ್ಲ.

'ಸಿಸ್ಟರ್,' ಎಂದ. ಮದುವೆಯಾದಂದಿನಿಂದ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು. 'ನೀವು ನೋಡಿ ಹೇಳಿ. ನಡುಗ್ತಿದೆಯಾ?'

ಅವಳು ಗೋಡೆಯಿಂದ ತಿರುಗಿದಳು. ಮುಖಗವುಸಿನ ಮೇಲೆ ಅವನ ಎರಡು ಕಣ್ಣು, ಬೆವರು, ಅದೇ ಹಳೆಯ ಹುಡುಗ, ಬಾಗಿಲಲ್ಲಿ ನಿಲ್ಲಿಸಿಕೊಂಡವನು. ಇಲ್ಲ ಎಂದರೆ ನಂಬುತ್ತಾನೆ. ನಂಬಿದರೆ ನಡುಕ ನಿಲ್ಲಲೂಬಹುದು. ಮಗಳಿಗೆ ಮಾತು ಕೊಟ್ಟಿದ್ದಾಳೆ, ಆ ಮಗಳ ಹೊಟ್ಟೆಯಲ್ಲಿ ಇವನ ಕೂಸಿದೆ. ಇಲ್ಲ ಅನ್ನಲು ಒಂದೇ ಒಂದು ಮಾತು ಸಾಕು, ಅದು ನಾಲಿಗೆಯ ತುದಿಗೆ ಬಂದೂ ಆಗಿತ್ತು.

'ನಡುಗ್ತಿದೆ,' ಎಂದಳು. 'ಕೆಳಗಿಡು.'

ಇಡು ಎಂದುಬಿಟ್ಟಳು, ಇಡಿ ಎನ್ನಲೂ ನೆನಪಾಗಲಿಲ್ಲ. ಅವನು ಚಾಕುವನ್ನು ತಟ್ಟೆಯಲ್ಲಿಟ್ಟ. ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಬೆರಳು ಬಿಡಿಸಿ, ಅವಳು ಕಾಣುವಂತೆ ನಿಂತ. ಆ ಬೆರಳುಗಳನ್ನು ನೋಡಿ ಅವಳ ಕಣ್ಣು ತುಂಬಿ ಬಂತು. ಗ್ಲೌಸು ಹಾಕಿದ ಕೈಯಲ್ಲಿ ಒರೆಸಿಕೊಳ್ಳುವಂತಿರಲಿಲ್ಲ, ಹಾಗೇ ಮುಖಗವುಸಿಗೆ ಇಳಿಯಿತು. 'ಉಸಿರು ಬಿಡು,' ಎಂದಳು. 'ಬೆಳಿಗ್ಗೆಯಿಂದ ಹಿಡ್ಕೊಂಡಿದ್ದೀಯ. ಅಕೆಲ್ಲೊ, ಸಕ್ಕರೆ ಹಾಕಿದ ನೀರು ತಾ, ನೀನೇ ಮುಖಗವುಸು ಎತ್ತಿ ಕುಡಿಸು. ಎಷ್ಟು ಹೊತ್ತಾದ್ರೂ ಆಗಲಿ. ನಾನು ಹೇಳೋವರೆಗೂ ಶುರು ಮಾಡೋ ಹಾಗಿಲ್ಲ.' 'ಹೂಂ,' ಎಂದ ಅವನು. ಅಕೆಲ್ಲೊ ಓಡಿದಳು. ಈ ಸಲ ಅವಳ ಮುಖದಲ್ಲಿ ನಗುವಿರಲಿಲ್ಲ.

ಪರದೆಯ ಆಚೆಯಿಂದ ಮುದುಕ ಕೇಳಿದ, 'ಏನಪ್ಪಾ, ಎಲ್ಲರೂ ಯಾಕೆ ಸುಮ್ಮನಾದ್ರಿ? ಸತ್ತೆನಾ ನಾನು?'

'ಇಲ್ಲ ತಾತ,' ಎಂದ ಒಪೊಲೊಟ್. ಒಂದು ಕ್ಷಣ ಪರ್ಪೆಟುವಾಳ ಕಡೆ ನೋಡಿ, ಆಮೇಲೆ ನಿಜವನ್ನೇ ಹೇಳಿದ. 'ಡಾಕ್ಟ್ರ ಕೈ ನಡುಗ್ತಿದೆ. ನಿಲ್ಲೋವರೆಗೂ ಕಾಯ್ತಿದ್ದೀವಿ.'

'ಯಾರು ಹೇಳಿದ್ದು ನಡುಗ್ತಿದೆ ಅಂತ?'

'ಅವರ ಅತ್ತೆ.'

'ಅತ್ತೆ? ಎದುರೆದುರೇ ಹೇಳಿದ್ರಾ?'

'ಎದುರೆದುರೇ.'

 ಮುದುಕನೂ ಮಕ್ಕಳ ಮದುವೆ ಮಾಡಿದವನಿರಬೇಕು, ಅವನ ಮನೆಯಲ್ಲೂ ಒಬ್ಬ ಅಳಿಯ ಬಂದರೆ ಹೆಂಡತಿ ತೋಟಕ್ಕೆ ಇಳಿಯುತ್ತಿದ್ದಿರಬೇಕು. ಆಮೇಲೆ ಪರದೆಯ ಆಚೆಯಿಂದ ಅವನ ದನಿ ಬಂತು.

'ಹಾಗಾದ್ರೆ ಕಾಯಿರಿ. ನಂಗೇನೂ ಅವಸರ ಇಲ್ಲ.'